ಕನ್ವರ್‌ಲಾಲನ ನೆನಪು: ‘ಅಂತ’ ಚಿತ್ರದ ಜನಪ್ರೀತಿ ಮತ್ತು ಅದರ ಮರೆವು

ಕನ್ನಡ ವಿಮರ್ಶೆಯು ಸಿನಿಮಾವನ್ನು ಕುರಿತು ಮಾತನಾಡಿರುವುದು ಬಹುಮಟ್ಟಿಗೆ ಸಾಹಿತ್ಯದ ನೆಂಟಸ್ತಿಕೆಯ ಮೂಲಕ. ‘ಸಂಸ್ಕಾರ’ (1970), ‘ಘಟಶ್ರಾದ್ಧ’ (1977) ಮೊದಲಾದ ಚಿತ್ರಗಳು ನವ್ಯ ಸಾಹಿತ್ಯದ ಚರ್ಚೆಯ ಮುಂದುವರಿಕೆಯಾಗಿ ವಿಶ್ವವಿದ್ಯಾಲಯದ ತರಗತಿಗಳನ್ನು ಪ್ರವೇಶಿಸಿದವು. ಅದೇ ಕಾಲದ ವ್ಯಾಪಾರಿ ಚಿತ್ರಗಳಿಗೆ ಈ ಪ್ರವೇಶ ದೊರೆಯಲಿಲ್ಲ. ಅವುಗಳಲ್ಲಿಯೂ ಅನೇಕವು ಕಾದಂಬರಿಗಳನ್ನೇ ಆಧರಿಸಿದ್ದವು ಎಂಬ ಸಂಗತಿ ಇಲ್ಲಿ ಗಮನಾರ್ಹ. ಕಲಾತ್ಮಕ ಚಿತ್ರದ ಬಗೆಗೆ ವಿಮರ್ಶಕನು ಗೌರವದಿಂದ ಬರೆದರೆ, ವ್ಯಾಪಾರಿ ಚಿತ್ರದ ಬಗೆಗೆ ಜನರು ಪ್ರೀತಿಯಿಂದ ಮಾತನಾಡಿದರು. ಗೌರವಕ್ಕೆ ಪರಿಭಾಷೆಯೊಂದು ಸಿದ್ಧವಾಯಿತು, ಪ್ರೀತಿಗೆ ಆಗಲಿಲ್ಲ.

ಈ ಕೊರತೆಯು ಎದ್ದು ಕಾಣುವುದು 1981ರಲ್ಲಿ ತೆರೆಕಂಡ ‘ಅಂತ’ ಚಿತ್ರದ ವಿಷಯದಲ್ಲಿ. ಎಸ್.ವಿ. ರಾಜೇಂದ್ರಸಿಂಗ್ ಬಾಬು ನಿರ್ದೇಶನದ, ಅಂಬರೀಶ್ ದ್ವಿಪಾತ್ರದಲ್ಲಿ ನಟಿಸಿದ ಈ ಚಿತ್ರವನ್ನು ನಲವತ್ತು ವರ್ಷಗಳ ಬಳಿಕವೂ ಜನರು ಮರೆತಿಲ್ಲ. ಅದನ್ನು ಮೆಚ್ಚುವವರಲ್ಲಿ ಅದರ ಲೋಪಗಳನ್ನು ಅರಿಯದವರು ವಿರಳ ಎಂಬುದು ಕುತೂಹಲದ ಸಂಗತಿ. ಹಿಂಸೆ ಅತಿಯಾಯಿತು, ಖಳರೆಲ್ಲರೂ ಒಂದೇ ಅಚ್ಚಿನವರು, ಕಥೆ ನಂಬುವಂಥದಲ್ಲ ಎಂದು ಮೊದಲು ಒಪ್ಪಿಕೊಂಡು, ಅನಂತರ ಮೆಚ್ಚುಗೆಯ ಮಾತಿಗೆ ಇಳಿಯುವುದು ಸಾಮಾನ್ಯ. ಇಂಥ ಮೆಚ್ಚುಗೆಯನ್ನು ಬರಿಯ ಹಳಹಳಿಕೆ ಎಂದು ಬದಿಗಿಡುವುದು ಸುಲಭ. ಆದರೆ ಹಳಹಳಿಕೆಯು ಎಲ್ಲವನ್ನೂ ಸಮನಾಗಿ ನೆನಪಿಡುವುದಿಲ್ಲ, ಅದು ಆಯ್ದುಕೊಳ್ಳುತ್ತದೆ. ‘ಅಂತ’ದ ವಿಷಯದಲ್ಲಿ ಅದು ಏನನ್ನು ಉಳಿಸಿಕೊಂಡಿತು, ಏನನ್ನು ಕೈಬಿಟ್ಟಿತು ಎಂಬುದರ ಪರಿಶೀಲನೆ ಪ್ರಸ್ತುತ ಲೇಖನದ ಉದ್ದೇಶ.

ಕಥೆ, ಮೂಲ, ಹೆಸರು

‘ಅಂತ’ದ ಮೂಲ ಎಚ್.ಕೆ. ಅನಂತರಾವ್ ಅವರ ಅದೇ ಹೆಸರಿನ ಕಾದಂಬರಿ. ಅದು ‘ಸುಧಾ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಪ್ರಕಟವಾಗಿತ್ತು. 1965ರಲ್ಲಿ ಆರಂಭವಾದ ‘ಸುಧಾ’ದಂತಹ ವಾರಪತ್ರಿಕೆಗಳು ಕನ್ನಡದಲ್ಲಿ ಹೊಸ ಓದುಗ ವರ್ಗವೊಂದನ್ನು ರೂಪಿಸಿದ್ದವು. ವಾರಕ್ಕೊಂದು ಕಂತು ಓದುವವನಿಗೆ ಕಥೆಯ ಒಟ್ಟು ಶಿಲ್ಪಕ್ಕಿಂತ ಆ ವಾರದ ಕಂತಿನ ಕಾವು ಮುಖ್ಯ. ಕಂತಿನ ಕೊನೆಯಲ್ಲಿ ಓದುಗನನ್ನು ತುದಿಗಾಲಲ್ಲಿ ನಿಲ್ಲಿಸಬೇಕು; ಮುಂದಿನ ವಾರ ಅದಕ್ಕಿಂತ ಹೆಚ್ಚಿನದನ್ನು ಕೊಡಬೇಕು. ಏರುತ್ತಲೇ ಹೋಗುವ ಈ ಗತಿ ಚಿತ್ರಕ್ಕೂ ಇಳಿದು ಬಂದಿದೆ. ಚಿತ್ರದ ಅತಿರೇಕವೆಲ್ಲ ಸಿನಿಮಾದವರ ಕಾಣಿಕೆ ಎನ್ನುವವರು ಅದರ ಅರ್ಧ ವಂಶಾವಳಿಯನ್ನು ಮಾತ್ರ ನೋಡಿದಂತಾಗುತ್ತದೆ.

ಕಥೆಯ ಎಳೆ ಸರಳವಾದುದು. ಸುಶೀಲ್‌ಕುಮಾರ್ ಎಂಬ ಪ್ರಾಮಾಣಿಕ ಪೊಲೀಸ್ ಅಧಿಕಾರಿಗೂ ಕನ್ವರ್‌ಲಾಲ್ ಎಂಬ ಪಾತಕಿಗೂ ರೂಪಸಾಮ್ಯವಿದೆ. ಆ ಸಾಮ್ಯವನ್ನು ಬಳಸಿಕೊಂಡು ಅಧಿಕಾರಿಯು ಪಾತಕಿಯ ವೇಷದಲ್ಲಿ ಅವನ ಕೂಟವನ್ನು ಹೊಗುತ್ತಾನೆ. ಕೂಟದ ಬೇರುಗಳು ರಾಜಕಾರಣಕ್ಕೂ ಆಡಳಿತಕ್ಕೂ ಇಳಿದಿರುವುದು ಅವನಿಗೆ ಗೊತ್ತಾಗುತ್ತದೆ. ಗುಟ್ಟು ಬಯಲಾದಾಗ ಚಿತ್ರಹಿಂಸೆಗೆ ಗುರಿಯಾಗುತ್ತಾನೆ. ಅವನ ಗರ್ಭಿಣಿ ಹೆಂಡತಿಯೂ ಆ ಹಿಂಸೆಗೆ ಒಳಗಾಗುತ್ತಾಳೆ. ಕಾನೂನಿನ ಬಾಗಿಲುಗಳೆಲ್ಲ ಮುಚ್ಚಿವೆಯೆಂದು ಮನಗಂಡ ಅವನು ಕೊನೆಗೆ ದಂಡವನ್ನು ತಾನೇ ಕೈಗೆತ್ತಿಕೊಳ್ಳುತ್ತಾನೆ. ಇಂಥ ನಾಯಕನಿಗೆ ಕನ್ನಡದಲ್ಲಿ ಒಂಟಿ ನಾಮಪದವಿಲ್ಲ. ‘ಕಾನೂನನ್ನು ಕೈಗೆತ್ತಿಕೊಂಡವನು’ ಎಂಬ ನುಡಿಗಟ್ಟಿದೆ. ಆ ನುಡಿಗಟ್ಟಿನಲ್ಲಿ ಆಕ್ಷೇಪಣೆಯ ಛಾಯೆ ಇದ್ದೇ ಇದೆ. ಆದರೂ ಕಥೆಗಳಲ್ಲಿ ಅವನು ಪ್ರಿಯನಾಗುತ್ತಾನೆ.

ರೂಪಸಾಮ್ಯದ ತಂತ್ರ ಭಾರತೀಯ ಜನಪ್ರಿಯ ಚಿತ್ರಗಳಲ್ಲಿ ಸವೆದ ನಾಣ್ಯ. ಬೆರಳಚ್ಚು, ಗಾಯದ ಗುರುತು, ಹಳೆಯ ಸಹಚರರ ನೆನಪು ಇವೆಲ್ಲವನ್ನೂ ದಾಟಿ ಒಬ್ಬನು ಇನ್ನೊಬ್ಬನಾಗಿ ಬಾಳಬಲ್ಲನೆಂದು ಪ್ರೇಕ್ಷಕನು ನಂಬಬೇಕಾಗುತ್ತದೆ. ದುಷ್ಟತನ ವ್ಯವಸ್ಥೆಯದೆಂದು ಕಥೆ ಹೇಳುತ್ತದೆ. ಆದರೆ ಚಿತ್ರ ತೋರಿಸುವುದು ಕೆಲವು ದುಷ್ಟ ಮುಖಗಳನ್ನು ಮಾತ್ರ. ಮುಖಗಳನ್ನು ಅಳಿಸಿದರೆ ವ್ಯವಸ್ಥೆ ಸರಿಹೋಗುತ್ತದೆಂಬ ಭ್ರಮೆ ಅಲ್ಲಿಂದಲೇ ಹುಟ್ಟುತ್ತದೆ. ಚಿತ್ರದ ಬೌದ್ಧಿಕ ದೋಷ ಇದು. ಉಳಿದ ದೋಷಗಳು ಕಸುಬಿನವು. ಅವುಗಳ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ.

ಹೆಸರಿನ ಬಗೆಗೆ ಮಾತ್ರ ಒಂದು ಮಾತು ಹೇಳಬೇಕು. ‘ಅಂತ’ ಎಂಬುದು ತತ್ಸಮವಾಗಿ ‘ಕೊನೆ’ ಎಂಬ ಅರ್ಥ ಕೊಡುತ್ತದೆ. ಆಡುಗನ್ನಡದಲ್ಲಿ ಅದೇ ಉಚ್ಚಾರದ ‘ಅಂತ’ ಎಂಬುದು ‘ಎಂದು’ ಎಂಬುದರ ರೂಪ. ಯಾರೋ ಆಡಿದ ಮಾತನ್ನು ಇನ್ನೊಬ್ಬರಿಗೆ ತಲುಪಿಸುವ ಪದ. ಕಾದಂಬರಿಕಾರರಿಗೆ ಈ ಶ್ಲೇಷೆ ಉದ್ದಿಷ್ಟವಾಗಿರಲಾರದು. ಆದರೆ ಚಿತ್ರ ಅನ್ಯ ಭಾಷೆಗಳಿಗೆ ಹೋದಾಗ ಹೆಸರು ಪಡೆದ ರೂಪಾಂತರಗಳು ಅರ್ಥಪೂರ್ಣವಾಗಿವೆ. ಕೃಷ್ಣ ನಟಿಸಿದ ತೆಲುಗು ರೂಪದ ಹೆಸರು ‘ಅಂತಂ ಕಾದಿದಿ ಆರಂಭಂ’, ಎಂದರೆ ಇದು ಅಂತವಲ್ಲ, ಆರಂಭ. ರಾಜೇಂದ್ರಸಿಂಗ್ ಬಾಬು ಅವರೇ ಜಿತೇಂದ್ರ ಅವರನ್ನು ನಾಯಕನನ್ನಾಗಿ ಮಾಡಿ 1981ರಲ್ಲಿಯೇ ನಿರ್ದೇಶಿಸಿದ ಹಿಂದಿ ರೂಪದ ಹೆಸರು ‘ಮೇರಿ ಆವಾಜ್ ಸುನೋ’, ಎಂದರೆ ನನ್ನ ದನಿಯನ್ನು ಕೇಳಿ. ಕನ್ನಡದ ಹೆಸರು ತೀರ್ಪಾದರೆ ತೆಲುಗಿನದು ಎಚ್ಚರಿಕೆ, ಹಿಂದಿಯದು ಮೊರೆ. ಒಂದೇ ಕಥೆಯೊಳಗೆ ಈ ಮೂರೂ ಇವೆ: ಮೊರೆಯಿಡುವವನ ದನಿಯನ್ನು ಯಾರೂ ಕೇಳದಿದ್ದಾಗ ಅವನು ತೀರ್ಪುಗಾರನಾಗುತ್ತಾನೆ.

ಕಾಲದ ಕಾವು

ಕಾನೂನಿಗೆ ಬೆನ್ನು ತೋರಿಸುವ ನಾಯಕ ‘ಅಂತ’ದಲ್ಲಿ ಮೊದಲಿಗೆ ಹುಟ್ಟಿದವನಲ್ಲ. ಅಮೆರಿಕದಲ್ಲಿ ‘ಡರ್ಟಿ ಹ್ಯಾರಿ’ (1971), ‘ಡೆತ್ ವಿಶ್’ (1974) ಚಿತ್ರಗಳು ಬಂದು ಹೋಗಿದ್ದವು. ‘ಡೆತ್ ವಿಶ್’ನ ಮೂಲ ಕಾದಂಬರಿಕಾರ ಬ್ರಯನ್ ಗಾರ್ಫೀಲ್ಡ್, ಸ್ವಯಂದಂಡನೆಯ ಅಪಾಯವನ್ನು ತೋರಿಸಲು ತಾನು ಬರೆದ ಕಥೆ ತೆರೆಯ ಮೇಲೆ ಅದರ ಮೆರವಣಿಗೆಯಾದುದನ್ನು ಕಂಡು ಅಸಮಾಧಾನಗೊಂಡು, ಉತ್ತರರೂಪವಾಗಿ 1975ರಲ್ಲಿ ಇನ್ನೊಂದು ಕಾದಂಬರಿ ಬರೆದ. ಹಿಂದಿಯಲ್ಲಿ ಸಲೀಂ-ಜಾವೇದ್ ಬರೆದ ‘ಜಂಜೀರ್’ (1973) ಸಿಡುಕಿನ ಇನ್ಸ್‌ಪೆಕ್ಟರನನ್ನು ಆಗಲೇ ಜನಪ್ರಿಯಗೊಳಿಸಿತ್ತು. ಆದ್ದರಿಂದ ‘ಅಂತ’ವನ್ನು ಅಲೆಯೊಂದರ ಭಾಗವೆಂದು ಹೇಳಿ ಮುಗಿಸಬಹುದು. ಆದರೆ ಅಲೆಯೊಂದು ಒಂದು ದಡವನ್ನು ಅಪ್ಪಳಿಸಿದಾಗ ಆ ದಡದ ಮಣ್ಣು ಎಂಥದೆಂಬುದನ್ನೂ ನೋಡಬೇಕು.

1980ರ ಜನವರಿಯಲ್ಲಿ ಆರ್. ಗುಂಡೂರಾವ್ ಕರ್ನಾಟಕದ ಮುಖ್ಯಮಂತ್ರಿಯಾದರು. ಅದೇ ವರ್ಷದ ಜುಲೈನಲ್ಲಿ ನರಗುಂದ, ನವಲಗುಂದಗಳ ರೈತರ ಚಳವಳಿಯ ಮೇಲೆ ಪೊಲೀಸರು ಗುಂಡು ಹಾರಿಸಿದರು; ಆ ಕಿಚ್ಚಿನಲ್ಲಿ ರಾಜ್ಯದ ರೈತ ಚಳವಳಿ ಹೊಸ ರೂಪ ತಳೆಯಿತು. 1981-82ರಲ್ಲಿ ಗೋಕಾಕ್ ಚಳವಳಿ ಬೀದಿಗಳನ್ನು ತುಂಬಿತು. 1983ರ ಆರಂಭದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಚಿತ್ರವೊಂದು ಇವುಗಳಲ್ಲಿ ಯಾವುದನ್ನೂ ಉಂಟುಮಾಡಲಿಲ್ಲ. ಆದರೆ ಚಿತ್ರಮಂದಿರದಲ್ಲಿ ಕುಳಿತವನು ಹೊರಗಿನಿಂದ ತಂದ ಸಿಟ್ಟು ಯಾವುದು ಎಂಬುದನ್ನು ಈ ಘಟನೆಗಳು ಹೇಳುತ್ತವೆ. ಪ್ರಭುತ್ವವು ದೂರದ ಕಲ್ಪನೆಯಾಗಿ ಉಳಿಯದೆ, ಲಾಠಿಯಾಗಿ, ಬಂದೂಕಾಗಿ ಊರ ಬೀದಿಗೆ ಬಂದಿದ್ದ ಕಾಲ ಅದು.

ಇಲ್ಲಿ ಚಿತ್ರ ಮಾಡಿರುವ ವಿಪರ್ಯಾಸವೊಂದನ್ನು ಗುರುತಿಸಬೇಕು. ತುರ್ತುಪರಿಸ್ಥಿತಿಯ ನೆನಪು ಇನ್ನೂ ಹಸಿಯಾಗಿತ್ತು. ‘ಸಂಸ್ಕಾರ’ದಲ್ಲಿ ಚಂದ್ರಿಯಾಗಿ ನಟಿಸಿದ್ದ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಬಳಲಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡಿದ್ದರು. ಬಿಹಾರದ ಭಾಗಲ್ಪುರದಲ್ಲಿ 1979-80ರಲ್ಲಿ ಪೊಲೀಸರೇ ವಿಚಾರಣಾಧೀನ ಕೈದಿಗಳ ಕಣ್ಣುಗಳನ್ನು ಚುಚ್ಚಿ ಆಮ್ಲ ಸುರಿದಿದ್ದರು. ಸುದ್ದಿ ಹೊರಬಂದಾಗ ಅಲ್ಲಿನ ಜನರಲ್ಲಿ ಅನೇಕರು ಪೊಲೀಸರ ಪರವಾಗಿಯೇ ನಿಂತಿದ್ದರು. ಅಂದರೆ ಆ ದಿನಗಳ ದೇಶದಲ್ಲಿ ಚಿತ್ರಹಿಂಸೆಯ ಸ್ಥಳ ಮುಖ್ಯವಾಗಿ ಪೊಲೀಸ್ ಠಾಣೆ ಮತ್ತು ಸೆರೆಮನೆ. ‘ಅಂತ’ ಇದನ್ನು ತಲೆಕೆಳಗು ಮಾಡುತ್ತದೆ. ಅಲ್ಲಿ ಉಗುರು ಕೀಳಿಸಿಕೊಳ್ಳುವವನು ಪೊಲೀಸ್ ಅಧಿಕಾರಿ, ಕೀಳುವವರು ಪಾತಕಿಗಳು. ಪ್ರಜೆಯ ದೇಹದ ಮೇಲೆ ಪ್ರಭುತ್ವ ನಡೆಸಿದ ಹಿಂಸೆಯನ್ನು ಚಿತ್ರವು ಪ್ರಭುತ್ವದ ಪ್ರತಿನಿಧಿಯ ದೇಹಕ್ಕೆ ವರ್ಗಾಯಿಸುತ್ತದೆ. ಹಾಗಾಗಿ ಪ್ರೇಕ್ಷಕನು ತನಗೆ ಭಯ ಹುಟ್ಟಿಸುವ ಖಾಕಿಯ ನೋವಿಗೇ ಮರುಗುತ್ತಾನೆ. ಈ ವರ್ಗಾವಣೆಯನ್ನು ನಿರ್ದೇಶಕರ ಕುತಂತ್ರವೆನ್ನಬೇಕಾಗಿಲ್ಲ. ಅಂದಿನ ಜನಪ್ರಿಯ ಚಿತ್ರವು ವ್ಯವಸ್ಥೆಯ ಮೇಲೆ ಸಿಟ್ಟಾಗಬಹುದಾಗಿದ್ದ ರೀತಿ ಅದು: ಕೆಟ್ಟ ವ್ಯವಸ್ಥೆಯಲ್ಲಿ ಸಿಕ್ಕಿಬಿದ್ದ ಒಬ್ಬ ಒಳ್ಳೆಯ ಅಧಿಕಾರಿಯ ಮೂಲಕ.

ನೆನಪಿನಲ್ಲಿ ಉಳಿದ ದನಿ

ಕಥೆಯ ನಾಯಕ ಸುಶೀಲ್‌ಕುಮಾರ್. ಆದರೆ ಜನರ ಬಾಯಲ್ಲಿ ಉಳಿದದ್ದು ಕನ್ವರ್‌ಲಾಲ್. ಈ ಒಂದು ಸಂಗತಿಯಲ್ಲಿ ‘ಅಂತ’ದ ಬಗೆಗಿನ ಜನಪ್ರೀತಿಯ ಕೀಲಿಕೈ ಇದೆ. ತನ್ನನ್ನು ಬರಿದೆ ‘ಕನ್ವರ್’ ಎಂದು ಕರೆದವನನ್ನು ನಾಯಿ ಎಂದು ಬೈದು, ಪೂರ್ಣ ಹೆಸರನ್ನೇ ಹೇಳಬೇಕೆಂದು ಹಿಂದಿಯಲ್ಲಿ ಅಪ್ಪಣೆ ಮಾಡುವ ಮಾತು ಕನ್ನಡ ಸಿನಿಮಾದ ಅತ್ಯಂತ ಪ್ರಸಿದ್ಧ ಸಂಭಾಷಣೆಗಳಲ್ಲೊಂದು. ಕಾಲೇಜಿನ ವೇದಿಕೆಗಳಲ್ಲಿ, ಮಿಮಿಕ್ರಿ ಕಲಾವಿದರ ಪ್ರದರ್ಶನಗಳಲ್ಲಿ, ಗೆಳೆಯರ ಹರಟೆಯಲ್ಲಿ ಅದು ಸಾವಿರ ಸಲ ಮರುಹುಟ್ಟು ಪಡೆದಿದೆ. ಚಿತ್ರವನ್ನು ನೋಡದವರಿಗೂ ಆ ಮಾತು ಗೊತ್ತು.

ಆ ಮಾತಿನ ಬಲ ಎಲ್ಲಿದೆ? ಹೆಸರಿನ ಅರ್ಧವನ್ನು ನುಂಗುವುದು ಕನ್ನಡ ನಾಡಿನಲ್ಲಿ ಸಲಿಗೆಯ ಗುರುತೂ ಹೌದು, ತಾತ್ಸಾರದ ಗುರುತೂ ಹೌದು. ಯಾರ ಹೆಸರನ್ನು ಮೊಟಕಿಸಬಹುದು, ಯಾರ ಹೆಸರಿಗೆ ‘ಅವರು’, ‘ಗೌಡರು’, ‘ಅಪ್ಪನವರು’ ಎಂಬ ಬಾಲ ಸೇರಿಸಬೇಕು ಎಂಬುದು ಜಾತಿ, ಆಸ್ತಿ, ಅಧಿಕಾರಗಳ ವ್ಯಾಕರಣ. ಜೀತದಾಳಿನ ಹೆಸರು ಯಾರ ಬಾಯಲ್ಲೂ ಪೂರ್ತಿಯಾಗುವುದಿಲ್ಲ. ತನ್ನ ಹೆಸರನ್ನು ಪೂರ್ತಿಯಾಗಿ ಉಚ್ಚರಿಸು ಎಂದು ಗದರುವವನು ಈ ವ್ಯಾಕರಣವನ್ನೇ ತಿರುಗಿಸಿ ಹಾಕುತ್ತಾನೆ. ಕೇಳಿ ಪಡೆದ ಗೌರವವಲ್ಲ ಅದು, ಬೆದರಿಸಿ ಪಡೆದದ್ದು. ಪಾತಕಿಯ ಬಾಯಿಂದ ಬಂದರೂ ಆ ಮಾತು ಹೆಸರು ಮೊಟಕಾದ ಎಲ್ಲರಿಗೂ ಸಲ್ಲುತ್ತದೆ. ಪ್ರೇಕ್ಷಕರು ಅದನ್ನು ಕಥೆಯಿಂದ ಬಿಡಿಸಿ ತಮ್ಮದನ್ನಾಗಿ ಮಾಡಿಕೊಂಡದ್ದು ಇದಕ್ಕಾಗಿಯೇ ಇರಬೇಕು.

ಆ ಮಾತು ಹಿಂದಿಯಲ್ಲಿದೆ ಎಂಬುದೂ ಯೋಚಿಸತಕ್ಕ ವಿಷಯ. ಕನ್ನಡಕ್ಕೆ ಶಾಲೆಯಲ್ಲಿ ಅಗ್ರಸ್ಥಾನ ಬೇಕೆಂದು ಯುವಕರು ಬೀದಿಗಿಳಿದ ಕಾಲಘಟ್ಟದಲ್ಲಿಯೇ ಅದೇ ಯುವಕರು ಕನ್ನಡ ಚಿತ್ರವೊಂದರ ಹಿಂದಿ ಮಾತನ್ನು ಎದೆಗೆ ಅಪ್ಪಿಕೊಂಡರು. ಇದರಲ್ಲಿ ವಿರೋಧಾಭಾಸ ಕಾಣುವವರು ಮಾತಿನ ಸಾಮಾಜಿಕ ಬಳಕೆಯನ್ನು ಗಮನಿಸಿಲ್ಲ. ಆ ಹಿಂದಿ ಪಠ್ಯಪುಸ್ತಕದ ಹಿಂದಿಯಲ್ಲ, ದೆಹಲಿಯ ಕಚೇರಿಯದೂ ಅಲ್ಲ. ಅದು ಮಾರುಕಟ್ಟೆ, ಲಾರಿ ನಿಲ್ದಾಣ, ಚಿತ್ರಮಂದಿರದ ಗೇಟುಗಳಲ್ಲಿ ಕೇಳಿಬರುವ ಒರಟು ಬೆರಕೆ ನುಡಿ. ಸುಶೀಲ್‌ಕುಮಾರನ ಶುದ್ಧ ಕನ್ನಡ ಕಾನೂನಿನ ಭಾಷೆಯಾದರೆ, ಕನ್ವರ್‌ಲಾಲನ ಬೆರಕೆ ಕೆಲಸ ಸಾಧಿಸುವ ಭಾಷೆ. ಒಂದೇ ನಟನ ಒಂದೇ ಕಂಠದಿಂದ ಎರಡೂ ಹೊರಡುತ್ತವೆ. ಕಾನೂನಿನ ಭಾಷೆಗೆ ಬಲವಿಲ್ಲ, ಬಲವಿರುವುದು ವೇಷದ ಭಾಷೆಗೆ ಎಂಬುದನ್ನು ಚಿತ್ರ ವಾದ ಮಾಡಿ ಹೇಳುವುದಿಲ್ಲ; ಪ್ರೇಕ್ಷಕನ ಕಿವಿ ಅದನ್ನು ತಾನಾಗಿ ತೀರ್ಮಾನಿಸಿದೆ. ರೂಪಸಾಮ್ಯವೆಂಬ ಸವೆದ ತಂತ್ರ ಇಲ್ಲಿ ತನಗರಿವಿಲ್ಲದೆಯೇ ಒಂದು ಸತ್ಯವನ್ನು ಹೊತ್ತಿದೆ: ಕಾನೂನು ಪಾತಕಿಯ ಮುಖ ಧರಿಸಿದಾಗ ಮಾತ್ರ ಅದರ ಮಾತನ್ನು ಜನ ಕೇಳುತ್ತಾರೆ.

ನಟನ ಹಿನ್ನೆಲೆಯೂ ಇದಕ್ಕೆ ಪೋಷಕವಾಯಿತು. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯಲ್ಲಿ 1952ರಲ್ಲಿ ಹುಟ್ಟಿದ ಅಮರನಾಥ್, ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಚಿತ್ರದಲ್ಲಿ ಅಂಬರೀಶ್ ಆಗಿ ತೆರೆಗೆ ಬಂದರು. ಅಲ್ಲಿ ಅವರದು ಹುಡುಗಿಯನ್ನು ಬೀದಿಯಲ್ಲಿ ಕಾಡುವ ಪುಂಡ ಜಲೀಲನ ಚಿಕ್ಕ ಪಾತ್ರ. ಆ ಒರಟು ಗಂಟಲು, ಆ ಉಡಾಫೆಯ ನಿಲುವು ಅಂದಿನಿಂದಲೇ ಪ್ರೇಕ್ಷಕರಿಗೆ ಪರಿಚಿತ. ಒಂಬತ್ತು ವರ್ಷಗಳ ಬಳಿಕ ‘ಅಂತ’ ಆ ಪುಂಡನಿಗೆ ನೈತಿಕ ಪರವಾನಗಿ ಕೊಟ್ಟಿತು. ಇದೇ 1981ರಲ್ಲಿ ಪುಟ್ಟಣ್ಣನವರ ‘ರಂಗನಾಯಕಿ’ಯಲ್ಲಿಯೂ ಅಂಬರೀಶ್ ನಟಿಸಿದ್ದರು, ಅಭಿನಯದ ಸೂಕ್ಷ್ಮತೆಯನ್ನು ಹುಡುಕುವವರು ನೋಡಬೇಕಾದುದು ಅದನ್ನು. ಆದರೆ ನಾಯಕನಟನಾಗಿ ಅವರ ಹೆಸರನ್ನು ನೆಲೆಗೊಳಿಸಿದ್ದು ‘ಅಂತ’. 2018ರ ನವೆಂಬರ್ 24ರಂದು ಅವರು ತೀರಿಕೊಂಡಾಗ ಸ್ಮರಣೆಯ ಬರಹಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡ ಹೆಸರು ಕನ್ವರ್‌ಲಾಲ್, ಸುಶೀಲ್‌ಕುಮಾರ್ ಅಲ್ಲ.

ಸರ್ಕಾರದ ಆಕ್ಷೇಪ

‘ಅಂತ’ದ ಹಿಂಸೆ ಮತ್ತು ರಾಜಕಾರಣಿಗಳ ಚಿತ್ರಣ ಅಂದು ವಿವಾದಕ್ಕೆ ಗುರಿಯಾದವು. ಹಿಂದಿ ರೂಪಕ್ಕೆ ಹೆಚ್ಚಿನ ಸಂಕಟ ಒದಗಿತು: ಕೇಂದ್ರ ಸರ್ಕಾರವು ‘ಮೇರಿ ಆವಾಜ್ ಸುನೋ’ ಚಿತ್ರದ ಪ್ರದರ್ಶನವನ್ನು ಕೆಲಕಾಲ ತಡೆಹಿಡಿಯಿತು. ದನಿಯನ್ನು ಕೇಳಿ ಎಂಬ ಹೆಸರಿನ ಚಿತ್ರದ ದನಿ ಹೀಗೆ ಅಡಗಿತು. ಪ್ರಮಾಣಪತ್ರ ಪಡೆದ ಚಿತ್ರದ ಬಗೆಗೆ ಸರ್ಕಾರವೇ ಮೇಲ್ವಿಚಾರಕನಾಗಿ ಮರುತೀರ್ಮಾನ ಮಾಡಬಹುದೇ ಎಂಬ ಪ್ರಶ್ನೆ, ಈ ಚಿತ್ರದ ಸಂಬಂಧದಲ್ಲಲ್ಲ, ಕೆ.ಎಂ. ಶಂಕರಪ್ಪ ಪ್ರಕರಣದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ಬಂತು. ಅಂಥ ಅಧಿಕಾರ ಸಂವಿಧಾನಬಾಹಿರವೆಂದು ಆ ನ್ಯಾಯಾಲಯ 1990ರಲ್ಲಿ ಹೇಳಿತು. ಸರ್ವೋಚ್ಚ ನ್ಯಾಯಾಲಯ 2000ದಲ್ಲಿ ಅದನ್ನು ಎತ್ತಿಹಿಡಿಯಿತು. ಸೆನ್ಸಾರಿನ ಕತ್ತರಿಯನ್ನು ಕಂಡ ಈ ಕಥೆಯ ನಾಯಕನಟ 2006ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಖಾತೆಯ ರಾಜ್ಯ ಸಚಿವರಾದದ್ದು ಇತಿಹಾಸದ ಒಂದು ತಮಾಷೆ.

ನಿಷೇಧದ ನೆನಪು ಜನಪ್ರೀತಿಯನ್ನು ಹೆಚ್ಚಿಸಿತು. ಸರ್ಕಾರ ಹೆದರಿದ ಚಿತ್ರವೆಂಬ ಕೀರ್ತಿ ಅದಕ್ಕೆ ಅಂಟಿಕೊಂಡಿತು. ಆದರೆ ಆ ಕೀರ್ತಿ ಒಂದು ವಿಮರ್ಶೆಯನ್ನು ಅಸಾಧ್ಯಗೊಳಿಸಿತು. ಚಿತ್ರದ ಹಿಂಸೆಯನ್ನು ಪ್ರಶ್ನಿಸುವವರೆಲ್ಲ ರಾಜಕಾರಣಿಗಳ ಪಕ್ಷದವರು ಎಂಬಂತಾಯಿತು. ರಾಜಕಾರಣಿಗಳ ಚಿತ್ರಣವೂ ಹೆಣ್ಣಿನ ಮೇಲಿನ ಹಿಂಸೆಯ ಚಿತ್ರಣವೂ ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ಚಿತ್ರಕ್ಕೆ ಸಂಪೂರ್ಣ ಹಕ್ಕಿತ್ತು. ಎರಡನೆಯದರ ಬಗೆಗೆ ಚಿತ್ರ ಉತ್ತರ ಹೇಳಬೇಕಿತ್ತು. ಅದನ್ನು ಕೇಳಿದವರು ಕಡಿಮೆ.

ಮರೆತುಹೋದ ದೇಹ

ಲಕ್ಷ್ಮಿ ನಟಿಸಿರುವ ಹೆಂಡತಿಯ ಪಾತ್ರದ ಬಗೆಗೆ ‘ಅಂತ’ದ ಅಭಿಮಾನಿಗಳು ಆಡುವ ಮಾತು ಅತಿ ಕಡಿಮೆ. ಅಧಿಕಾರಿಯ ಬಾಯಿ ಬಿಡಿಸಲು ಅವನ ಕಣ್ಣೆದುರಿಗೆ ಗರ್ಭಿಣಿಯನ್ನು ಹಿಂಸಿಸುವ ಪ್ರಸಂಗ ಚಿತ್ರದ ನಡುಗಂಬ. ಅದಿಲ್ಲದಿದ್ದರೆ ಕೊನೆಯ ಸಂಹಾರಕ್ಕೆ ಸಮರ್ಥನೆ ಇಲ್ಲ. ಪ್ರೇಕ್ಷಕನ ಕೋಪ ಎಷ್ಟು ಏರಬೇಕೋ ಅಷ್ಟು ಹಿಂಸೆ ಆ ದೇಹದ ಮೇಲೆ ನಡೆಯುತ್ತದೆ. ಆದರೆ ಜನರ ನೆನಪು ಆ ಕೋಪವನ್ನು ಇಟ್ಟುಕೊಂಡು ಅದಕ್ಕೆ ಉರುವಲಾದ ದೇಹವನ್ನು ಕೈಬಿಟ್ಟಿದೆ. ಉಗುರು ಕೀಳಿಸಿಕೊಂಡ ಗಂಡಸಿನ ಸಹನೆ ವೀರಗಾಥೆಯಾಗುತ್ತದೆ. ಹೆಂಡತಿಯ ನೋವು ಆ ಗಾಥೆಯ ಒಂದು ಕಾರಣವಾಗಿ ಮಾತ್ರ ಉಳಿಯುತ್ತದೆ. ಬೀದಿಯಲ್ಲಿ ಹುಡುಗಿಯನ್ನು ಕಾಡಿದ ಜಲೀಲನ ಗಂಟಲೇ ಇಲ್ಲಿ ಹೆಣ್ಣಿನ ಪರವಾಗಿ ಗುಡುಗುವ ಗಂಟಲಾಗಿರುವುದೂ, ಎರಡೂ ಕಡೆ ಹೆಣ್ಣಿಗೆ ಕಥೆಯ ಗತಿಯನ್ನು ಬದಲಿಸುವ ಮಾತಿಲ್ಲದಿರುವುದೂ ಆಕಸ್ಮಿಕವಲ್ಲ.

ಎರಡು ವರ್ಷಗಳ ಬಳಿಕ ಬಂದ ಗೋವಿಂದ ನಿಹಲಾನಿಯವರ ‘ಅರ್ಧಸತ್ಯ’ (1983) ಇದೇ ಪ್ರಶ್ನೆಯನ್ನು ಬೇರೆ ಬಗೆಯಲ್ಲಿ ಎತ್ತಿಕೊಂಡಿತು. ವಿಜಯ್ ತೆಂಡೂಲ್ಕರ್ ಚಿತ್ರಕಥೆಯ ಈ ಚಿತ್ರದಲ್ಲಿ ಓಂ ಪುರಿ ನಟಿಸಿದ ಅನಂತ ವೇಲಣಕರ್ ಕೂಡ ರಾಜಕೀಯದ ಆಸರೆ ಪಡೆದ ಪಾತಕಿಯನ್ನು ಕೊಲ್ಲುತ್ತಾನೆ. ಆದರೆ ನೇರವಾಗಿ ಹೋಗಿ ಠಾಣೆಗೆ ಶರಣಾಗುತ್ತಾನೆ. ಅವನ ಕೈಯಲ್ಲಿಯೇ ಒಬ್ಬ ಕೈದಿ ಸತ್ತಿದ್ದಾನೆ. ಖಾಕಿಯ ಒಳಗಿನ ಹಿಂಸೆಯನ್ನು ನಿಹಲಾನಿ ಪಾತಕಿಗಳ ಲೆಕ್ಕಕ್ಕೆ ಬರೆಯುವುದಿಲ್ಲ. ಅದು ‘ಅಂತ’ಕ್ಕಿಂತ ದೊಡ್ಡ ಕೃತಿ ಎಂಬುದರಲ್ಲಿ ಸಂಶಯವಿಲ್ಲ. ಆದರೆ ವೇಲಣಕರ್‌ನ ಮಾತನ್ನು ಬಸ್ ನಿಲ್ದಾಣದಲ್ಲಿ ಅನುಕರಿಸಿದವರಿಲ್ಲ. ತನ್ನ ಮೇಲೆಯೇ ಅನುಮಾನಪಡುವ ನಾಯಕ ಗೌರವ ಗಳಿಸುತ್ತಾನೆ. ಪ್ರೀತಿ ಅನುಮಾನವಿಲ್ಲದವನಿಗೆ ಸಲ್ಲುತ್ತದೆ. ಕನ್ನಡದ ಮುಂದಿನ ದಾರಿ ಯಾವುದಾಯಿತೆಂಬುದಕ್ಕೆ ಅದೇ 1983ರ ‘ಚಕ್ರವ್ಯೂಹ’ ಸಾಕ್ಷಿ. ಅಂಬರೀಶ್ ನಾಯಕರಾದ ಆ ಚಿತ್ರ ಹಿಂದಿಯಲ್ಲಿ ಅಮಿತಾಭ್ ಬಚ್ಚನ್ ಅವರ ‘ಇನ್‌ಕ್ವಿಲಾಬ್’ (1984) ಆಯಿತು. ಅಲ್ಲಿ ನಾಯಕ ಮುಖ್ಯಮಂತ್ರಿಯ ಪೀಠಕ್ಕೇರಿ ತನ್ನ ಸಂಪುಟವನ್ನೇ ಗುಂಡಿಟ್ಟು ಮುಗಿಸುತ್ತಾನೆ. ರಾಜೇಂದ್ರಸಿಂಗ್ ಬಾಬು ಅವರು ‘ಬಂಧನ’ (1984), ‘ಮುತ್ತಿನ ಹಾರ’ (1990) ಚಿತ್ರಗಳ ಕಡೆಗೆ ಹೊರಳಿದರು. 1995ರಲ್ಲಿ ಅಂಬರೀಶ್ ಅವರೊಂದಿಗೆ ‘ಆಪರೇಷನ್ ಅಂತ’ ಮಾಡಿದರಾದರೂ ಹಳೆಯ ಕಾವು ಮರುಕಳಿಸಲಿಲ್ಲ.

ಈ ಪ್ರೀತಿ ಚಿತ್ರಮಂದಿರದಲ್ಲಿಯೇ ಉಳಿದಿದ್ದರೆ ಚಿಂತೆಗೆ ಕಾರಣವಿರಲಿಲ್ಲ. 2019ರ ಡಿಸೆಂಬರ್ 6ರಂದು ಹೈದರಾಬಾದಿನ ಬಳಿ ಅತ್ಯಾಚಾರ ಮತ್ತು ಕೊಲೆಯ ಪ್ರಕರಣವೊಂದರ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದಾಗ ಜನರು ಆ ಪೊಲೀಸರ ಮೇಲೆ ಹೂವು ಎರಚಿದರು. ಸರ್ವೋಚ್ಚ ನ್ಯಾಯಾಲಯ ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್‌ಕರ್ ಆಯೋಗವು, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತೆಂದು 2022ರಲ್ಲಿ ಹೇಳಿತು. ಭಾಗಲ್ಪುರದಿಂದ ಹೈದರಾಬಾದಿನವರೆಗೆ ಜನರ ಮನಸ್ಸು ಒಂದೇ ರೀತಿ ಸ್ಪಂದಿಸಿರುವುದನ್ನು ಸಿನಿಮಾದ ಪ್ರಭಾವವೆಂದು ಹೇಳುವುದು ಅವಸರದ ಮಾತು. ಸಿನಿಮಾ ಮತ್ತು ಆ ಹೂಮಳೆ ಎರಡೂ ಒಂದೇ ಬಾವಿಯಿಂದ ನೀರು ಸೇದಿವೆ ಎನ್ನುವುದು ಹೆಚ್ಚು ಸರಿ.

ಕೀಚಕವಧೆಯ ಮರುದಿನ

ಆ ಬಾವಿಯ ಆಳವನ್ನು ನೋಡಲು ಕನ್ನಡದ ಓದುಗ ದೂರ ಹೋಗಬೇಕಾಗಿಲ್ಲ. ವೇಷ ಧರಿಸಿದ ಬಲಶಾಲಿ, ಅವಮಾನಿತಳಾದ ಹೆಂಡತಿ, ಕಣ್ಣುಮುಚ್ಚಿ ಕುಳಿತ ನ್ಯಾಯಸ್ಥಾನ, ಕತ್ತಲೆಯಲ್ಲಿ ನಡೆಯುವ ದಂಡನೆ ಇವೆಲ್ಲವೂ ವಿರಾಟಪರ್ವದಲ್ಲಿವೆ. ಕೀಚಕನು ಸೈರಂಧ್ರಿಯನ್ನು ವಿರಾಟನ ಸಭೆಯಲ್ಲಿಯೇ ಒದೆಯುತ್ತಾನೆ; ಅರಸನು ಮೈದುನನನ್ನು ದಂಡಿಸಲಾರ. ಅಡುಗೆಯವನಾದ ವಲಲನ ವೇಷದಲ್ಲಿರುವ ಭೀಮನು ಇರುಳು ನಾಟ್ಯಶಾಲೆಯಲ್ಲಿ ಕೀಚಕನನ್ನು ಮುಗಿಸುತ್ತಾನೆ. ಕನ್ನಡಿಗರು ಕುಮಾರವ್ಯಾಸನ ಈ ಪ್ರಸಂಗವನ್ನು ಗಮಕದಲ್ಲಿ ಕೇಳಿ, ಬಯಲಾಟಗಳಲ್ಲಿ ನೋಡಿ ತಲೆದೂಗಿದ್ದಾರೆ. ‘ಅಂತ’ದ ಪ್ರೇಕ್ಷಕನು ಚಿತ್ರಮಂದಿರಕ್ಕೆ ಬರಿಗೈಯಲ್ಲಿ ಬಂದವನಲ್ಲ.

ಆದರೆ ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದು ಹೆಚ್ಚು ಮುಖ್ಯ. ವಿರಾಟಪರ್ವದಲ್ಲಿ ಸಂಹಾರದ ಸಂಕಲ್ಪ ಭೀಮನದಲ್ಲ, ದ್ರೌಪದಿಯದು. ಸಭೆಯಲ್ಲಿ ಅವಳು ಅರಸನನ್ನು ಪ್ರಶ್ನಿಸುತ್ತಾಳೆ. ಅಲ್ಲಿ ನ್ಯಾಯ ಸಿಗದಾಗ ಯಾರನ್ನು ಕೇಳಬೇಕೆಂದು ತಾನೇ ತೂಗಿ ನೋಡಿ, ನಡುರಾತ್ರಿ ಅಡುಗೆಮನೆಗೆ ಹೋಗಿ ಮಲಗಿದ್ದ ಭೀಮನನ್ನು ಎಬ್ಬಿಸುತ್ತಾಳೆ. ಗಂಡಂದಿರ ಶೌರ್ಯವನ್ನೇ ಹಂಗಿಸುತ್ತಾಳೆ. ಅವಳ ನೋವು ಮಾತಾಗಿ, ವಾದವಾಗಿ, ಸಂಚಾಗಿ ಕಥೆಯನ್ನು ನಡೆಸುತ್ತದೆ. ಕೇಳುಗನಿಗೆ ಭೀಮನ ತೋಳಿನಷ್ಟೇ ದ್ರೌಪದಿಯ ನಾಲಿಗೆಯೂ ನೆನಪಿರುತ್ತದೆ. ‘ಅಂತ’ದ ಹೆಂಡತಿಗೆ ಈ ಅವಕಾಶವಿಲ್ಲ. ಅವಳ ನೋವು ಗಂಡನ ಮುಂದೆ ಒಡ್ಡಲಾದ ನೋಟವಾಗಿಯೇ ನಿಲ್ಲುತ್ತದೆ. ಪ್ರೇಕ್ಷಕನ ನೆನಪು ಅವಳನ್ನು ಮರೆತಿದ್ದರೆ, ಆ ಮರೆವನ್ನು ಕಥೆಯೇ ಮೊದಲು ಸಿದ್ಧಪಡಿಸಿತ್ತು.

ಇನ್ನೊಂದು ವ್ಯತ್ಯಾಸವೂ ಇದೆ. ಕೀಚಕನ ಸಾವಿನಲ್ಲಿ ವಿರಾಟಪರ್ವದ ಆ ಪ್ರಸಂಗ ಮುಗಿಯುವುದಿಲ್ಲ. ಗಂಧರ್ವರು ಕೊಂದರೆಂದು ದ್ರೌಪದಿ ಕಾವಲಿನವರಿಗೆ ಹೆಣವನ್ನು ತೋರಿಸುತ್ತಾಳೆ. ಒಡನೆಯೇ ಉಪಕೀಚಕರು ನೆರೆದು, ಅಣ್ಣನ ಸಾವಿಗೆ ಇವಳೇ ಕಾರಣವೆಂದು ಅವಳನ್ನು ಹೆಣದೊಡನೆ ಕಟ್ಟಿ ಸುಡಲು ಸ್ಮಶಾನಕ್ಕೆ ಒಯ್ಯುತ್ತಾರೆ. ಅವಳು ಮತ್ತೆ ಕೂಗಬೇಕಾಗುತ್ತದೆ. ಭೀಮ ಮತ್ತೆ ಓಡಬೇಕಾಗುತ್ತದೆ. ಊರಿನ ಜನ ಹೆದರುತ್ತಾರೆ, ಅವಳು ಊರು ಬಿಟ್ಟು ಹೋದರೆ ಸಾಕೆನ್ನುತ್ತಾರೆ. ಕತ್ತಲೆಯ ದಂಡನೆಯ ಲೆಕ್ಕ ಬೆಳಗಾದಾಗ ಹೆಣ್ಣಿನ ಬಾಗಿಲಿಗೇ ಬರುತ್ತದೆಂಬುದನ್ನು ಹಳೆಯ ಕಥೆ ಬಲ್ಲದು. ಸುಶೀಲ್‌ಕುಮಾರನ ಕಥೆ ಆ ಬೆಳಗಿಗೆ ಮೊದಲೇ ನಿಲ್ಲುತ್ತದೆ. ತೆರೆಯ ಮೇಲೆ ಕತ್ತಲೆ ಕವಿದು ಚಿತ್ರಮಂದಿರದ ದೀಪಗಳು ಹೊತ್ತಿಕೊಳ್ಳುತ್ತವೆ. ಬಾಗಿಲು ದಾಟಿ ಹೊರಬಂದವರು ಗಂಟಲು ಒರಟು ಮಾಡಿಕೊಂಡು ಕನ್ವರ್‌ಲಾಲನ ಮಾತನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ಮನೆಗೆ ಹೋಗುತ್ತಾರೆ.